ಚೊಕ್ಕಣ್ಣನ ಮುಂಗಡ ಉಷ್ಣಾಂಶ

ಚೊಕ್ಕಣ್ಣನಿಗೆ ಅಂದು ಒದಗಿದ ಪೀಕಲಾಟಕ್ಕೆ ಕಾರಣ ಅವನ ಸೋಮಾರಿತನವಲ್ಲ. ಸೋಮಾರಿಗಳು ಇಂಥದರಲ್ಲಿ ಸಿಕ್ಕಿಬೀಳುವುದೇ ಇಲ್ಲ. ರಿಜಿಸ್ಟರನ್ನು ಖಾಲಿ ಬಿಟ್ಟು ಹಾಯಾಗಿ ಮನೆಗೆ ಹೋಗಿ ಮಲಗುತ್ತಾರೆ. ಚೊಕ್ಕಣ್ಣನನ್ನು ಹಳ್ಳಕ್ಕೆ ಕೆಡವಿದ್ದು ಅವನ ಅಚ್ಚುಕಟ್ಟುತನ.

ಅವನು ಮೇಲ್ವಿಚಾರಕನಾಗಿದ್ದದ್ದು ಒಂದು ಸಣ್ಣ ಕಣ್ಣಿನ ಶಸ್ತ್ರಚಿಕಿತ್ಸಾ ಕೇಂದ್ರದಲ್ಲಿ. ಬೆಳಿಗ್ಗೆ ಬಂದು, ಪೊರೆ ತೆಗೆಸಿಕೊಂಡು, ಸಂಜೆ ಕಪ್ಪು ಕನ್ನಡಕ ಏರಿಸಿಕೊಂಡು ಮನೆಗೆ ಹೋಗುವಂಥ ಜಾಗ. ಕೆಳಗೆ ಔಷಧಿ ಅಂಗಡಿ, ಮೊದಲ ಮಹಡಿಯಲ್ಲಿ ಕೇಂದ್ರ, ಅದರ ಮೇಲೆ ಒಬ್ಬ ವಕೀಲರ ಕಚೇರಿ. ಒಂದು ಕಣ್ಣಿನ ಪೊರೆ ತೆಗೆಯಲು ಅಲ್ಲಿನ ಡಾಕ್ಟರಿಗೆ ಹದಿನೈದು ನಿಮಿಷ ಸಾಕು. ಆದರೆ ಅದನ್ನು ಸರಿಯಾಗಿ ತೆಗೆದೆವು ಎಂದು ಆರೋಗ್ಯ ಇಲಾಖೆಗೆ ತೋರಿಸಲು ಹನ್ನೊಂದು ರಿಜಿಸ್ಟರು ಬೇಕು. ಒಪ್ಪಿಗೆ ಪತ್ರಗಳಿಗೆ ಒಂದು, ಉಪಕರಣಗಳನ್ನು ಆವಿಯಲ್ಲಿ ಬೇಯಿಸಿದ್ದಕ್ಕೆ ಒಂದು, ರಕ್ತ ಅಂಟಿದ ಹತ್ತಿಯನ್ನು ಯಾವ ಬಣ್ಣದ ಚೀಲಕ್ಕೆ ಹಾಕಿದೆವು ಎನ್ನುವುದಕ್ಕೆ ಇನ್ನೊಂದು. ಹನ್ನೊಂದನ್ನೂ ಚೊಕ್ಕಣ್ಣನೇ ಸಾಕುತ್ತಿದ್ದ. ಪ್ರತಿಯೊಂದಕ್ಕೂ ಕಂದು ಕಾಗದದ ಹೊದಿಕೆ, ಮೇಲೆ ಚೀಟಿ, ಒಳಗೆ ಕೆಂಪು ಗೆರೆ. ಅವನ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಉಳಿದವರ ಬಾಯಲ್ಲೆಲ್ಲ ಅವನು ಚೊಕ್ಕಣ್ಣನೇ.

ಹನ್ನೊಂದರಲ್ಲಿ ಫ್ರಿಜ್ಜಿನ ರಿಜಿಸ್ಟರು ಒಂದು. ಕಣ್ಣಿನ ಔಷಧಿಗಳಿರುವ ಫ್ರಿಜ್ಜಿನ ಉಷ್ಣಾಂಶ ಎರಡು ಡಿಗ್ರಿಗಿಂತ ಇಳಿಯಬಾರದು, ಎಂಟು ಡಿಗ್ರಿ ದಾಟಬಾರದು. ದಿನಕ್ಕೆ ಎರಡು ಸಲ, ಬೆಳಿಗ್ಗೆ ಎಂಟಕ್ಕೆ, ಸಂಜೆ ಐದಕ್ಕೆ, ಅದನ್ನು ನೋಡಿ ಬರೆದು ಸಹಿ ಹಾಕಬೇಕು. ಹನ್ನೊಂದು ವರ್ಷದಿಂದ ಚೊಕ್ಕಣ್ಣ ನೋಡುತ್ತಲೇ ಇದ್ದ, ಆ ಫ್ರಿಜ್ಜು ನಾಲ್ಕು ಡಿಗ್ರಿಯ ಆಚೀಚೆ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಅವನ ಸೋದರಮಾವನಿಗಿಂತ ಹೆಚ್ಚು ನೆಚ್ಚಬಹುದಾದ ಫ್ರಿಜ್ಜು ಅದು.

ಈಗ ಅವನ ಒಬ್ಬಳೇ ಮಗಳಿಗೆ ದಿನ ತುಂಬಿತ್ತು. ಅವಳಿರುವ ಊರು ಒಂದು ಹಗಲು ಒಂದು ರಾತ್ರಿಯ ರೈಲು ದಾರಿ. ಹೆಂಡತಿ ಹದಿನೈದು ದಿನ ಮೊದಲೇ ಹೋಗಿ ಕೂತಿದ್ದಳು. ಚೊಕ್ಕಣ್ಣ ಡಾಕ್ಟರ ಹತ್ತಿರ ರಜೆ ಕೇಳಿದ. ಡಾಕ್ಟರು ಒಳ್ಳೆಯವರೇ, ಆದರೆ ಕೇಂದ್ರದ ಪರವಾನಗಿ ನವೀಕರಣಕ್ಕೆ ಅರ್ಜಿ ಹಾಕಿದ್ದ ದಿನಗಳು ಅವು. "ಹೋಗಿ ಬನ್ನಿ ಚೊಕ್ಕಣ್ಣ, ಬೇಡ ಅನ್ನಲ್ಲ. ಆದ್ರೆ ನಿಮ್ಮ ರಿಜಿಸ್ಟರ್‌ನಲ್ಲಿ ಒಂದು ಗೆರೆ ಖಾಲಿ ಕಂಡ್ರೂ ನನ್ನ ಪರವಾನಗಿ ಹೋಗುತ್ತೆ. ಅದಕ್ಕೊಂದು ದಾರಿ ನೀವೇ ನೋಡಿ" ಎಂದರು.

ಚೊಕ್ಕಣ್ಣ ದಾರಿ ನೋಡಿದ. ಉಳಿದ ಹತ್ತು ರಿಜಿಸ್ಟರುಗಳಿಗೆ ರೋಗಿಗಳು ಬಂದಾಗಲಷ್ಟೇ ಕೆಲಸ. ಅದನ್ನು ಸಿಸ್ಟರ್ ಬರೆಯಲು ಒಪ್ಪಿದರು. ಫ್ರಿಜ್ಜಿನದನ್ನು ಮಾತ್ರ ಅವರು ಮುಟ್ಟಲಿಲ್ಲ. "ಅದರಲ್ಲಿ ಹೊಣೆಗಾರ ಅಂತ ನಿಮ್ಮ ಹೆಸರಿದೆ ಅಣ್ಣಾ, ನಾನು ಸಹಿ ಹಾಕಿದ್ರೆ ತಪ್ಪಾಗುತ್ತೋ ಏನೋ" ಎಂದರು. ಚೊಕ್ಕಣ್ಣನಿಗೂ ಹೌದೆನ್ನಿಸಿತು. ಕೊನೆಗೆ ಭಾನುವಾರ ಮಧ್ಯಾಹ್ನ, ಕೇಂದ್ರದಲ್ಲಿ ನೊಣವೂ ಇಲ್ಲದ ಹೊತ್ತಿನಲ್ಲಿ, ಬಾಗಿಲು ಹಾಕಿಕೊಂಡು ಕೂತು, ಹೊರಡುವ ದಿನದ ಸಂಜೆಯಿಂದ ತಿಂಗಳ ಮೂವತ್ತನೇ ತಾರೀಖಿನವರೆಗಿನ ಉಷ್ಣಾಂಶವನ್ನೆಲ್ಲ ಒಂದೇ ಪಟ್ಟಿಗೆ ಬರೆದು ಮುಗಿಸಿದ. ಎಲ್ಲ ನಾಲ್ಕೇ ಆದರೆ ಚೆನ್ನಾಗಿರುವುದಿಲ್ಲವೆಂದು ಒಂದು ದಿನ ನಾಲ್ಕೂ ಎರಡು, ಇನ್ನೊಂದು ದಿನ ಮೂರೂ ಒಂಬತ್ತು ಹಾಕಿದ. ನಡುನಡುವೆ ಪೆನ್ನು ಬದಲಿಸಿದ. ಪ್ರತಿ ಗೆರೆಗೂ ಸಹಿ ಬಿತ್ತು. ಬರೆದಾದ ಮೇಲೆ ಪುಸ್ತಕವನ್ನು ತೋಳಿನಷ್ಟು ದೂರ ಹಿಡಿದು ನೋಡಿದ. ಅವನಿಗೇ ನಂಬಿಕೆ ಬರುವಷ್ಟು ಸಹಜವಾಗಿತ್ತು.

ಹನ್ನೆರಡನೇ ತಾರೀಖು, ಹೊರಡುವ ದಿನ. ಸಂಜೆ ಐದೂವರೆಗೆ ರೈಲು. ಬೆಳಿಗ್ಗೆಯೇ ಬ್ಯಾಗು ತಂದು ಮೇಜಿನ ಕೆಳಗಿಟ್ಟಿದ್ದ. ಒಂಬತ್ತಕ್ಕೆ ಕೆಳಗಿನ ಔಷಧಿ ಅಂಗಡಿಯವನು ಮೆಟ್ಟಿಲು ಹಾರುತ್ತ ಮೇಲೆ ಬಂದ. ಬೀದಿಯ ಸುದ್ದಿಯನ್ನು ಬಿಸಿ ಆರುವ ಮೊದಲು ತಲುಪಿಸದಿದ್ದರೆ ಅವನಿಗೆ ತಿಂದದ್ದು ಜೀರ್ಣವಾಗುತ್ತಿರಲಿಲ್ಲ.

"ಚೊಕ್ಕಣ್ಣಾ, ಕೇಳಿದ್ರಾ? ಹಿಂದಿನ ಬೀದಿಯ ಹಲ್ಲಿನ ಆಸ್ಪತ್ರೆಗೆ ನಿನ್ನೆ ಬೀಗ ಬಿತ್ತು!"

"ಯಾಕಂತೆ?"

"ಇಲಾಖೆಯಿಂದ ಹೊಸ ತಪಾಸಣಾಧಿಕಾರಿ ಬಂದಿದ್ದಾರಂತೆ. ಯಾರೂ ಮುಖ ನೋಡಿಲ್ಲ. ಹೇಳದೆ ಕೇಳದೆ ಬರೋದು, ರಿಜಿಸ್ಟರ್ ತೆಗೆಸೋದು, ಗೆರೆ ಹೆಚ್ಚುಕಮ್ಮಿ ಇದ್ರೆ ಬೀಗ ಹಾಕಿಸೋದು. ಇವತ್ತು ನಮ್ಮ ಬೀದಿ ಸರದಿಯಂತೆ!"

"ಬರಲಿ ಬಿಡಿ. ನಮ್ಮಲ್ಲಿ ಒಂದು ಗೆರೆಯೂ ಕಮ್ಮಿ ಇಲ್ಲ" ಎಂದ ಚೊಕ್ಕಣ್ಣ ಎದೆಯುಬ್ಬಿಸಿ. ಹಾಗೆಂದ ಮರುಕ್ಷಣ ಉಬ್ಬಿದ ಎದೆ ಇಳಿಯಿತು. ಕಮ್ಮಿ ಇಲ್ಲ, ನಿಜ. ಹೆಚ್ಚಿದೆ. ಮೂವತ್ತೇಳು ಗೆರೆ ಹೆಚ್ಚಿದೆ.

ಅವನ ಮುಖ ನೋಡಿ ಅಂಗಡಿಯವನು ಬಿಡಲಿಲ್ಲ. ವಿಷಯ ಹೊರಗೆ ಬಂತು. ಅಂಗಡಿಯವನು "ಪುಟ ಹರಿದುಹಾಕಿ, ಮುಗೀತು" ಎಂದ.

"ಪುಟಗಳಿಗೆ ಅಂಕಿ ಇದೆ, ಇಲಾಖೆ ಮೊಹರು ಬೇರೆ ಇದೆ."

"ಹಾಗಾದ್ರೆ ಮೇಲೆ ಹೋಗಿ ವಕೀಲರನ್ನ ಕೇಳಿ. ಇಂಥದ್ದಕ್ಕೇ ಅಲ್ವಾ ಅವರು ಇರೋದು."

ವಕೀಲರ ಕಚೇರಿಯಲ್ಲಿ ಕಕ್ಷಿದಾರರಿಗಿಂತ ಕುರ್ಚಿಗಳೇ ಹೆಚ್ಚು. ಬೆಳಿಗ್ಗೆ ಬೆಳಿಗ್ಗೆಯೇ ಒಬ್ಬ ಬಂದದ್ದು ನೋಡಿ ಅವರು ಕೋಟಿನ ಗುಂಡಿ ಹಾಕಿಕೊಂಡರು. ಎಲ್ಲವನ್ನೂ ಕಣ್ಣು ಮುಚ್ಚಿ ಕೇಳಿದರು.

"ಪುಸ್ತಕ ಕಳೆದುಹೋಯ್ತು ಅಂದ್ರೆ ಸಾರ್?" ಎಂದು ಕೇಳಿದ ಚೊಕ್ಕಣ್ಣ.

"ದಾಖಲೆ ಕಾಪಾಡದ ತಪ್ಪು. ಪರವಾನಗಿ ರದ್ದು."

"ಪುಟ ಹರಿದ್ರೆ?"

"ಸಾಕ್ಷ್ಯ ನಾಶ. ಪರವಾನಗಿ ರದ್ದು, ಮೇಲೊಂದು ಮೊಕದ್ದಮೆ."

"ತಿದ್ದಿದ್ರೆ?"

"ಆಹಾ! ಅದು ಮೊದಲಿನ ಎರಡಕ್ಕಿಂತ ಚೆನ್ನಾಗಿರೋ ಕೇಸು." ವಕೀಲರ ಮುಖ ಅರಳಿತ್ತು. "ಅದರಲ್ಲಿ ವಾದ ಮಾಡೋಕೆ ಎಷ್ಟು ಅಂಶ ಸಿಗುತ್ತೆ ಗೊತ್ತಾ?"

"ಏನೂ ಮಾಡದೆ ಹಾಗೇ ಬಿಟ್ರೆ?"

"ಸುಳ್ಳು ದಾಖಲೆ ಸೃಷ್ಟಿ. ನಿಮ್ಮ ಹೆಸರಲ್ಲೊಂದು, ಡಾಕ್ಟರ ಹೆಸರಲ್ಲೊಂದು."

"ಅಯ್ಯೋ, ಹಾಗಾದ್ರೆ ನಾನೇನು ಮಾಡ್ಲಿ?"

"ಗಾಬರಿ ಆಗ್ಬೇಡಿ. ನಾಲ್ಕರಲ್ಲಿ ಯಾವುದು ಬೇಕೋ ಅದನ್ನ ಮಾಡಿ. ಮಾಡಿದ ಮೇಲೆ ಮೊದಲು ನನ್ನ ಹತ್ರ ಬನ್ನಿ" ಎಂದು ವಕೀಲರು ಬೆನ್ನು ತಟ್ಟಿ ಕಳಿಸಿದರು.

ಚೊಕ್ಕಣ್ಣ ಮೆಟ್ಟಿಲಿಳಿದ. ಪಾಪ, ಅವನ ಕಣ್ಣ ಮುಂದೆ ಬೀಗ ಬಿದ್ದ ಬಾಗಿಲು, ಅದರ ಮುಂದೆ ನಿಂತ ಡಾಕ್ಟರು, ಇವನ ಬ್ಯಾಗನ್ನು ಬಿಟ್ಟು ಹೊರಟುಹೋಗುವ ರೈಲು, ಎಲ್ಲ ಒಟ್ಟಿಗೆ ಸುಳಿಯುತ್ತಿದ್ದವು. ಡಾಕ್ಟರಿಗೆ ಹೇಳಿಬಿಡೋಣವೆಂದರೆ ಅವರಾಗಲೇ ಶಸ್ತ್ರಚಿಕಿತ್ಸೆಯ ಕೋಣೆ ಸೇರಿದ್ದರು. ಅಂದು ಎಂಟು ಪೊರೆಗಳಿದ್ದವು. ಕೈ ನಡುಗಿಸುವ ಸುದ್ದಿಯನ್ನು ಆ ಕೋಣೆಯೊಳಗೆ ಒಯ್ಯಬಾರದು ಎಂಬಷ್ಟು ವಿವೇಕ ಅವನಿಗಿತ್ತು.

ಸಿಸ್ಟರ್ ವಿಷಯ ಕೇಳಿ ನಕ್ಕುಬಿಟ್ಟರು. "ಇಷ್ಟೇನಾ? ಶಾಯಿ ತಾನೆ ಅಣ್ಣಾ? ನನ್ನ ಏಪ್ರನ್ ಮೇಲಿನ ಶಾಯಿಯನ್ನೆಲ್ಲ ಸ್ಪಿರಿಟ್‌ನಲ್ಲೇ ತೆಗೆಯೋದು" ಎಂದು ಹತ್ತಿಯ ಉಂಡೆಯೊಂದನ್ನು ಸ್ಪಿರಿಟಿನಲ್ಲಿ ಅದ್ದಿಕೊಟ್ಟರು. ಚೊಕ್ಕಣ್ಣ ಉಸಿರು ಬಿಗಿಹಿಡಿದು, ಹನ್ನೆರಡರ ಸಂಜೆಯ ಅಂಕಿಯ ಮೇಲೆ ಮೆಲ್ಲಗೆ ಒತ್ತಿದ. ಅಂಕಿ ಹೋಯಿತು. ಎಲ್ಲಿಗೆ ಹೋಯಿತೆಂದರೆ, ಹದಿಮೂರರ ಬೆಳಿಗ್ಗೆಯ ಮೇಲೆ, ಹದಿಮೂರರ ಸಂಜೆಯ ಮೇಲೆ, ಅಂಚಿನ ಕೆಂಪು ಗೆರೆಯ ಮೇಲೆ. ಹನ್ನೊಂದು ವರ್ಷ ಒಂದು ಚುಕ್ಕೆ ಕಾಣದ ಪುಸ್ತಕದಲ್ಲಿ ಅಂಗೈಯಗಲ ನೀಲಿ ಮೋಡ ಕವಿಯಿತು. ಚೊಕ್ಕಣ್ಣನಿಗೆ ಅಳು ಬಂತು. ಅದು ಸಿಕ್ಕಿಬೀಳುವ ಭಯಕ್ಕೋ, ಪುಸ್ತಕದ ಅಂದ ಕೆಟ್ಟಿದ್ದಕ್ಕೋ ಅವನಿಗೇ ತಿಳಿಯಲಿಲ್ಲ.

ಅಷ್ಟರಲ್ಲಿ ಫೋನು ಬಂತು. ಅಂಗಡಿಯವನದೇ, ಪಿಸುದನಿ. "ಬಂದ್ರು! ಕರೀ ಪೆಟ್ಟಿಗೆ, ಇಸ್ತ್ರಿ ಮಾಡಿದ ಅಂಗಿ. ನಿಮ್ಮ ಬೋರ್ಡನ್ನ ಎರಡೆರಡು ಸಲ ಓದಿದ್ರು. ಮೆಟ್ಟಿಲು ಹತ್ತುತ್ತಾ ಇದ್ದಾರೆ!"

ಚೊಕ್ಕಣ್ಣ ರಿಜಿಸ್ಟರನ್ನು ಮೇಜಿನ ಕೆಳಗೆ ತನ್ನ ಬ್ಯಾಗಿನೊಳಗೆ ತುರುಕಿ ಬಾಗಿಲಿಗೆ ಓಡಿದ. ಕರಿ ಪೆಟ್ಟಿಗೆಯ ಮನುಷ್ಯನಿಗೆ ನಮಸ್ಕಾರ ಮಾಡಿ, ಬಾಯಿ ತೆರೆಯಲು ಬಿಡದೆ, ಡಾಕ್ಟರ ಕೋಣೆಗೆ ಕರೆದೊಯ್ದು, ಡಾಕ್ಟರ ಕುರ್ಚಿಯ ಮೇಲೆಯೇ ಕೂರಿಸಿದ. ಚಹಾಕ್ಕೆ ಹೇಳಿ, ಸಿಸ್ಟರನ್ನು ಕರೆತರಲು ಓಡಿದ.

ಸಿಸ್ಟರ್ ಆಗ ನೀಲಿ ಕುರ್ಚಿಗಳ ಹತ್ತಿರ ಹನಿ ಹಾಕಲು ಹೊರಟಿದ್ದರು. ಕೇಂದ್ರದಲ್ಲಿ ಅದೊಂದು ಪದ್ಧತಿ. ಮೊಗಸಾಲೆಯಲ್ಲಿ ಗೋಡೆಗೆ ಸಾಲಾಗಿ ಒಂಬತ್ತು ನೀಲಿ ಕುರ್ಚಿಗಳು. ಆ ದಿನ ಶಸ್ತ್ರಚಿಕಿತ್ಸೆ ಇರುವವರು ಮಾತ್ರ ಅವುಗಳಲ್ಲಿ ಕೂರಬೇಕು. ಸಿಸ್ಟರ್ ಒಬ್ಬೊಬ್ಬರ ಹೆಸರು ಕೇಳಿ, ಮಣಿಕಟ್ಟಿನ ಪಟ್ಟಿ ನೋಡಿ, ಫೈಲಿಗೆ ಗುರುತು ಹಾಕಿ, ಪಾಪೆ ಅಗಲವಾಗುವ ಹನಿ ಹಾಕಬೇಕು. ಹತ್ತು ಹತ್ತು ನಿಮಿಷಕ್ಕೊಮ್ಮೆ, ಮೂರು ಸಲ.

"ಸಿಸ್ಟರ್, ಬೇಗ ಹಾಕಿ ಬನ್ನಿ. ನೀವು ಯೂನಿಫಾರ್ಮ್‌ನಲ್ಲಿ ಅಧಿಕಾರಿ ಮುಂದೆ ನಿಂತ್ರೇ ಒಂದು ಕಳೆ" ಎಂದ ಚೊಕ್ಕಣ್ಣ.

"ಹೆಸರು ಕೇಳ್ಬೇಕಲ್ಲ ಅಣ್ಣಾ, ಪಟ್ಟಿ ನೋಡ್ಬೇಕಲ್ಲ."

"ನೀಲಿ ಕುರ್ಚಿ ಮೇಲೆ ಕೂತವರು ಇನ್ಯಾರು ಇರ್ತಾರೆ? ಹಾಕಿ, ಹಾಕಿ, ಹಾಕಿ!"

ಈ ನಿಯಮವನ್ನು ಬರೆದು ಗೋಡೆಗೆ ಅಂಟಿಸಿದವನು ಚೊಕ್ಕಣ್ಣನೇ. ಅದನ್ನು ಮುರಿಸಿದವನೂ ಅವನೇ. ಸಿಸ್ಟರ್ ಗಿಡಕ್ಕೆ ನೀರು ಹಾಕುವವರಂತೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹನಿ ಹಾಕಿಕೊಂಡು ಹೋದರು. ಕೊನೆಯ ಕುರ್ಚಿಯಲ್ಲಿ ತಲೆ ಹಿಂದಕ್ಕೆ ವಾಲಿಸಿ ತೂಕಡಿಸುತ್ತಿದ್ದ ಹಿರಿಯ ಹೆಂಗಸು ಬೆಚ್ಚಿಬಿದ್ದು ಬಾಯಿ ತೆರೆದಳು. "ಮಾತಾಡ್ಬೇಡಿ ಅಮ್ಮಾ, ಔಷಧಿ ಹೊರಗೆ ಬಂದ್ಬಿಡುತ್ತೆ. ಕಣ್ಣು ಮುಚ್ಕೊಳ್ಳಿ" ಎಂದು ಸಿಸ್ಟರ್ ಗದರಿಸಿ ಓಡಿದರು.

ಡಾಕ್ಟರ ಕೋಣೆಯಲ್ಲಿ ಎರಡು ಲೋಟ ಚಹಾ, ಒಂದು ತಟ್ಟೆ ಬಿಸ್ಕತ್ತು ಮುಗಿದವು. ಚೊಕ್ಕಣ್ಣ ಹತ್ತು ರಿಜಿಸ್ಟರುಗಳನ್ನು ಒಂದೊಂದಾಗಿ ತಂದು ತೋರಿಸಿದ. ಆ ಮನುಷ್ಯ ಎಲ್ಲಕ್ಕೂ "ಬಹಳ ಚೆನ್ನಾಗಿದೆ, ಬಹಳ ಚೆನ್ನಾಗಿದೆ" ಎಂದ. ನಡುವೆ ಸಿಸ್ಟರ್ ಎರಡು ಸಲ ಎದ್ದು ಹೋಗಿ ಅದೇ ಓಟದಲ್ಲಿ ಎರಡನೇ ಹನಿ, ಮೂರನೇ ಹನಿ ಹಾಕಿ ಬಂದರು. ಇನ್ನೇನು ಗೆದ್ದೆವು ಎಂದು ಚೊಕ್ಕಣ್ಣ ಬೆವರು ಒರೆಸಿಕೊಳ್ಳುವಾಗ ಆ ಮನುಷ್ಯ ಪೆಟ್ಟಿಗೆ ತೆರೆದ. ಒಳಗೆ ಸಾಲುಸಾಲಾಗಿ ಕನ್ನಡಕದ ಚೌಕಟ್ಟುಗಳು.

"ಇಷ್ಟು ಮರ್ಯಾದೆ ಯಾವ ಆಸ್ಪತ್ರೆಯಲ್ಲೂ ಸಿಕ್ಕಿಲ್ಲ ಸಾರ್. ಇದು ನೋಡಿ, ಹೊಸ ಮಾದರಿ. ಮೇಲೆ ಕೂತ್ರೂ ಮುರಿಯಲ್ಲ" ಎಂದು ಒಂದನ್ನು ಕುರ್ಚಿಯ ಮೇಲಿಟ್ಟು ಕೂತೇ ತೋರಿಸಿದ.

ಚೊಕ್ಕಣ್ಣನಿಗೆ ಅವನನ್ನು ಬೈಯಲೂ ಮನಸ್ಸಾಗಲಿಲ್ಲ. ನಕ್ಕು, ಬಾಗಿಲವರೆಗೆ ಹೋಗಿ ಕಳಿಸಿಬಂದ. ಅಧಿಕಾರಿ ಬರಲಿಲ್ಲ, ಇವತ್ತಿನ ಗಂಡಾಂತರ ಕಳೆಯಿತು, ಇನ್ನು ರೈಲು ಹತ್ತುವುದೊಂದೇ ಬಾಕಿ ಎಂದುಕೊಂಡ. ಆಗ ಶಸ್ತ್ರಚಿಕಿತ್ಸೆಯ ಕೋಣೆಯಿಂದ ಆಯಾ ಹೊರಗೆ ಬಂದಳು.

"ಅಣ್ಣಾ, ಪಟ್ಟಿಯಲ್ಲಿ ಎಂಟು ಹೆಸರಿದೆ. ಹನಿ ಹಾಕಿಸಿಕೊಂಡು ಕೂತಿರೋರು ಒಂಬತ್ತು ಜನ. ನಾನು ಮೂರು ಸಲ ಎಣಿಸಿದೆ."

ಚೊಕ್ಕಣ್ಣನೂ ಎಣಿಸಿದ. ಒಂಬತ್ತೇ. ಎಂಟು ಮಣಿಕಟ್ಟುಗಳಲ್ಲಿ ಪಟ್ಟಿ ಇತ್ತು. ಕೊನೆಯ ಕುರ್ಚಿಯ ಹೆಂಗಸಿನ ಕೈಯಲ್ಲಿ ಗಡಿಯಾರ ಮಾತ್ರ. ಮಡಿಲಲ್ಲಿ ಒಂದು ಚೀಲ, ಚೀಲದ ಮೇಲೆ ಮಡಚಿಟ್ಟ ಕನ್ನಡಕ.

"ಅಮ್ಮಾ, ನಿಮ್ಮ ಹೆಸರೇನು?"

ಹೆಂಗಸು ಕಣ್ಣು ತೆರೆಯದೆಯೇ ನಕ್ಕಳು. "ಮೂರನೇ ಹನಿ ಆದ ಮೇಲಾದ್ರೂ ಕೇಳಿದ್ರಲ್ಲ, ಸಂತೋಷ." ಚೀಲಕ್ಕೆ ಕೈಹಾಕಿ ತಡಕಾಡಿ ಒಂದು ಗುರುತಿನ ಚೀಟಿ ತೆಗೆದು ಮುಂದೆ ಹಿಡಿದಳು. ಅದರ ಮೇಲೆ ಆರೋಗ್ಯ ಇಲಾಖೆಯ ಮೊಹರು. ಕೆಳಗೆ, ತಪಾಸಣಾಧಿಕಾರಿ.

ಸಿಸ್ಟರ್ ಕೈಯಲ್ಲಿದ್ದ ಹನಿಯ ಬುಡ್ಡಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು, ಅದರಿಂದ ಏನೂ ಪ್ರಯೋಜನವಿಲ್ಲದಿದ್ದರೂ.

"ಬಸ್ಸಿನಲ್ಲಿ ಬಂದ ಆಯಾಸ" ಎಂದರು ಅಧಿಕಾರಿ, ಬೇರೆ ಯಾರದೋ ಕತೆ ಹೇಳುವ ಹಾಗೆ. "ಖಾಲಿ ಕುರ್ಚಿ ಕಾಣಿಸ್ತು. ಸ್ವಲ್ಪ ಹೊತ್ತು ಕೂತು ನಿಮ್ಮ ಕೆಲಸ ಹೇಗೆ ನಡೆಯುತ್ತೆ ನೋಡೋಣ ಅಂತ ಕೂತೆ. ಕಣ್ಣು ಹತ್ತಿಬಿಡ್ತು. ಎಚ್ಚರ ಆಗೋ ಹೊತ್ತಿಗೆ ಹನಿ ಬಿದ್ದಿತ್ತು. ಹೇಳೋಕೆ ಹೋದೆ, ಮಾತಾಡ್ಬೇಡಿ ಅಂದ್ರು. ಎಲ್ಲಿವರೆಗೆ ಹೋಗುತ್ತೋ ಹೋಗಲಿ ಅಂತ ಆಮೇಲೆ ನಾನೇ ಸುಮ್ನಾದೆ. ಮೇಜಿನ ಮೇಲೆ ಮಲಗಿಸೋ ಮೊದಲು ಮಾತ್ರ ಎದ್ದುಬಿಡಬೇಕು ಅಂದುಕೊಂಡಿದ್ದೆ."

ವಿಷಯ ತಿಳಿದ ಡಾಕ್ಟರು, ಮೊದಲ ಪೊರೆಗೆ ನಡೆಸಿದ್ದ ಸಿದ್ಧತೆ ಬಿಟ್ಟು, ಟೋಪಿಯನ್ನೂ ತೆಗೆಯದೆ ಓಡಿಬಂದು ಕೈಮುಗಿದರು. ಒಪ್ಪಿಗೆ ಪತ್ರವಿಲ್ಲದೆ, ಹೆಸರು ಕೇಳದೆ, ತಪಾಸಣೆಗೆ ಬಂದವರ ಕಣ್ಣಿಗೇ ಔಷಧಿ! ಗಲಾಟೆ ಕೇಳಿ ಮೇಲಿನ ವಕೀಲರು ಇಳಿದುಬಂದು ಬಾಗಿಲಲ್ಲಿ ನಿಂತರು. ಬೆಳಿಗ್ಗೆ ನಾಲ್ಕು ಕೇಸು ಹೇಳಿದ್ದ ಅವರು ಈಗ ಐದು ಬೆರಳು ತೋರಿಸಿದರು. ಅಂಗಡಿಯವನು ಅವರ ಹೆಗಲ ಮೇಲಿಂದ ಇಣುಕುತ್ತಿದ್ದ.

ಅಧಿಕಾರಿ ಕೂಗಾಡಲಿಲ್ಲ. ಡಾಕ್ಟರು ಅವರ ಕಣ್ಣು ಪರೀಕ್ಷಿಸಿ, ತೊಂದರೆಯೇನಿಲ್ಲ, ಸಂಜೆಯವರೆಗೆ ಅಕ್ಷರ ಮಸುಕಾಗಿ ಕಾಣುತ್ತದೆ ಅಷ್ಟೇ ಎಂದರು. "ರೋಗಿಗಳನ್ನ ಕಾಯಿಸ್ಬೇಡಿ, ನಿಮ್ಮ ಪೊರೆ ಮುಗಿಸಿ ಬನ್ನಿ" ಎಂದು ಅಧಿಕಾರಿಯೇ ಅವರನ್ನು ಒಳಗೆ ಕಳಿಸಿದರು. ಎಲ್ಲ ಮುಗಿದ ಮೇಲೆ, ಮೂರೂವರೆಗೆ, ಡಾಕ್ಟರ ಕೋಣೆಯಲ್ಲಿ ಕೂತು ರಿಜಿಸ್ಟರುಗಳನ್ನು ಕೇಳಿದರು.

ಸಂಜೆಯವರೆಗೆ ಅಕ್ಷರ ಮಸುಕು! ಆ ಮಾತು ಚೊಕ್ಕಣ್ಣನ ಕಿವಿಯಲ್ಲಿ ಕುಣಿಯುತ್ತಿತ್ತು. ಯಾವ ಹನಿ ಅವನ ಕುತ್ತಿಗೆಗೆ ಬಂತೋ ಅದೇ ಹನಿ ಅವನನ್ನು ಉಳಿಸಲೂಬಹುದು. ಬ್ಯಾಗಿನಿಂದ ಫ್ರಿಜ್ಜಿನ ರಿಜಿಸ್ಟರು ತೆಗೆದು ಹತ್ತರ ಕೆಳಗೆ ಸೇರಿಸಿ ಒಯ್ದ. ಅಧಿಕಾರಿ ದಪ್ಪ ಗಾಜಿನ ಕನ್ನಡಕ ಏರಿಸಿಕೊಂಡು ಮೊದಲನೆಯ ಪುಸ್ತಕ ತೆರೆದರು, ಹತ್ತಿರ ಹಿಡಿದರು, ದೂರ ಹಿಡಿದರು, ತಲೆ ಅಲ್ಲಾಡಿಸಿದರು.

"ಇರುವೆ ಸಾಲಿನ ಹಾಗೆ ಕಾಣುತ್ತೆ. ನೀವೇ ಓದಿ."

ಚೊಕ್ಕಣ್ಣ ಓದಿದ. ಒಂದೊಂದೇ ಪುಸ್ತಕ ಮುಗಿಯುತ್ತ ಬಂತು. ನಾಲ್ಕೂಕಾಲಿಗೆ ಫ್ರಿಜ್ಜಿನ ಸರದಿ. ಗಂಟಲು ಸರಿಮಾಡಿಕೊಂಡು ಒಂದನೇ ತಾರೀಖಿನಿಂದ ಹಿಡಿದ. ನಾಲ್ಕೂ ಒಂದು, ನಾಲ್ಕು, ನಾಲ್ಕೂ ಮೂರು. ಅಧಿಕಾರಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ಹನ್ನೆರಡರ ಬೆಳಿಗ್ಗೆ, ನಾಲ್ಕೂ ಎರಡು. ಚೊಕ್ಕಣ್ಣ ನಿಲ್ಲಿಸಿದ.

"ಆಮೇಲೆ?"

"ಅಷ್ಟೇ ಮೇಡಂ. ಸಂಜೆದು ಐದು ಗಂಟೆಗೆ ಬರೀಬೇಕು."

ಹೇಳಿದ ಮೇಲೆ ಅವನಿಗೆ ನಾಚಿಕೆಯಾಯಿತು. ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಸಹಿಸಿದ ಆ ಹೆಂಗಸಿನ ಮುಂದೆ ಸುಳ್ಳು ಹೇಳಿದ್ದು ಅವನ ಜೀವಕ್ಕೇ ಒಗ್ಗಲಿಲ್ಲ. ಆದರೆ ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು, ಡಾಕ್ಟರು ಅವನತ್ತ ನೋಡಿ ಮೆಚ್ಚುಗೆಯಿಂದ ತಲೆದೂಗುತ್ತಿದ್ದರು, ಮಗಳ ಮುಖ ಕಣ್ಣ ಮುಂದಿತ್ತು. ಹೇಳಿದ ಸುಳ್ಳು ಹಾಗೇ ಉಳಿಯಿತು.

"ಬಹಳ ಚೆನ್ನಾಗಿ ಇಟ್ಟಿದ್ದೀರಿ. ಕೊಡಿ, ಸಹಿ ಹಾಕ್ತೀನಿ" ಎಂದರು ಅಧಿಕಾರಿ.

ಪುಸ್ತಕ ಕೈಗೆ ಕೊಟ್ಟ. ಅವರು ಪೆನ್ನು ತೆರೆದರು. ಆಮೇಲೆ ಆ ದಪ್ಪ ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟು, ಪುಸ್ತಕವನ್ನು ಎತ್ತಿ, ಮೂಗಿಗೆ ತಾಗುವಷ್ಟು ಹತ್ತಿರ ತಂದುಕೊಂಡರು.

ಚೊಕ್ಕಣ್ಣನಿಗೆ ಆಗ ಹೊಳೆಯಿತು. ಹ್ರಸ್ವದೃಷ್ಟಿ! ದೂರದ್ದು ಕಾಣದ, ಹತ್ತಿರದ್ದು ಮಾತ್ರ ಕಾಣುವ ಕಣ್ಣು. ಅಂಥವರು ಕನ್ನಡಕ ತೆಗೆದುಬಿಟ್ಟರೆ ಸಾಕು, ಎಷ್ಟು ಹನಿ ಹಾಕಿದರೂ ಮೂಗಿನ ಮುಂದೆ ಹಿಡಿದದ್ದನ್ನು ಓದಬಲ್ಲರು. ಹನ್ನೊಂದು ವರ್ಷ ಕಣ್ಣಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದ ಅವನು ಆ ಕನ್ನಡಕದ ಗಾಜಿನ ದಪ್ಪ ನೋಡಿಯೇ ಇದನ್ನು ತಿಳಿಯಬೇಕಾಗಿತ್ತು.

"ಇಲ್ಲೇನೋ ಮೋಡ ಕವಿದಿದೆ" ಎಂದರು ಅಧಿಕಾರಿ. ಮೂಗು ಪುಟದ ಮೇಲೆ ಮೆಲ್ಲಗೆ ಕೆಳಗಿಳಿಯಿತು. "ಹದಿನಾಲ್ಕು, ನಾಲ್ಕೂ ಎರಡು. ಹದಿನೇಳು, ಮೂರೂ ಒಂಬತ್ತು. ಇಪ್ಪತ್ತೆರಡು, ಆರೂ ಎಂಟು, ಮುಂದೆ ಷರಾ: ಅರ್ಧ ಗಂಟೆ ಕರೆಂಟ್ ಹೋಗಿತ್ತು." ಅವರು ಪುಸ್ತಕದ ಮೇಲಿಂದ ನೋಡಿದರು. "ಇಪ್ಪತ್ತೆರಡಕ್ಕೆ ಕರೆಂಟ್ ಹೋಗುತ್ತೆ ಅಂತ ಕರೆಂಟಿನವರಿಗೇ ಗೊತ್ತಿರಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

"ಸಹಜವಾಗಿ ಕಾಣಲಿ ಅಂತ ಹಾಕಿದೆ ಮೇಡಂ" ಎಂದ ಚೊಕ್ಕಣ್ಣ. ಡಾಕ್ಟರು ಕುರ್ಚಿ ಹುಡುಕಿಕೊಂಡು ಕೂತರು.

ಆಮೇಲೆ ಚೊಕ್ಕಣ್ಣ ಎಲ್ಲ ಹೇಳಿಬಿಟ್ಟ. ಮಗಳು, ದಿನ ತುಂಬಿದ್ದು, ಭಾನುವಾರ ಮಧ್ಯಾಹ್ನ, ಸ್ಪಿರಿಟ್ಟು, ಐದೂವರೆ ರೈಲು. ಡಾಕ್ಟರಿಗೆ ಏನೂ ಗೊತ್ತಿಲ್ಲ, ಹನಿ ಹಾಕುವಾಗ ಹೆಸರು ಕೇಳಬೇಡಿ ಅಂದವನೂ ನಾನೇ, ಬೀಗ ಹಾಕುವುದಿದ್ದರೆ ನನಗೆ ಹಾಕಿ ಎಂದ. ಹೇಳುತ್ತ ಕಣ್ಣಲ್ಲಿ ನೀರು ಬಂತು, ಅದನ್ನು ಮುಚ್ಚಿಡಲೂ ಹೋಗಲಿಲ್ಲ.

ಅಧಿಕಾರಿ ಪೆನ್ನು ಮುಚ್ಚಿ ಕೆಳಗಿಟ್ಟರು. "ನನ್ನ ಮೊಮ್ಮಗ ಹುಟ್ಟಿದ ದಿನ ನಾನೂ ಹೀಗೇ ಯಾವುದೋ ಆಸ್ಪತ್ರೆಯಲ್ಲಿ ಪುಸ್ತಕ ನೋಡ್ತಾ ಕೂತಿದ್ದೆ" ಎಂದರು. ಆಮೇಲೆ, "ಬೇರೆ ಯಾರಿಗಾದ್ರೂ ಬರೆಯೋಕೆ ಹೇಳಿ ಹೋಗ್ಬಹುದಿತ್ತಲ್ಲ?"

"ಹೊಣೆಗಾರ ಅಂತ ನನ್ನ ಹೆಸರಿದೆ ಮೇಡಂ. ಬೇರೆಯವರು ಬರೆದ್ರೆ ತಪ್ಪಾಗುತ್ತೆ ಅಂತ..."

"ಯಾರು ಹೇಳಿದ್ದು?" ಅವರು ಪುಸ್ತಕದ ಮೊದಲ ಪುಟ ತಿರುಗಿಸಲು ಹೋದರು. ತಿರುಗಲಿಲ್ಲ. ಅಂದವಾಗಿ, ಬಿಗಿಯಾಗಿ ಕೂರಲೆಂದು ಚೊಕ್ಕಣ್ಣ ಕಂದು ಕಾಗದದ ಹೊದಿಕೆಯನ್ನು ಆ ಪುಟಕ್ಕೇ ಅಂಟು ಹಾಕಿ ಮೆತ್ತಿಬಿಟ್ಟಿದ್ದ. ಅಧಿಕಾರಿ ಉಗುರಿನಿಂದ ಮೆಲ್ಲಗೆ ಕಾಗದವನ್ನು ಎಬ್ಬಿಸಿದರು. ಅಡಿಯಲ್ಲಿ ಅಚ್ಚಾದ ಸೂಚನೆಗಳು. ಮೂಗು ನಾಲ್ಕನೇ ಸೂಚನೆಯ ಮೇಲೆ ನಿಂತಿತು. "ಹೊಣೆಗಾರರು ರಜೆಯಲ್ಲಿರುವಾಗ ಕೇಂದ್ರದ ಸಿಬ್ಬಂದಿಯಲ್ಲಿ ಯಾರು ಬೇಕಾದರೂ ಉಷ್ಣಾಂಶ ನೋಡಿ ತಮ್ಮ ಹೆಸರಿನಲ್ಲಿ ಬರೆಯಬಹುದು."

ಸಿಸ್ಟರ್ "ಅಯ್ಯೋ ಅಣ್ಣಾ" ಎಂದರು.

ಅಧಿಕಾರಿ ಡಾಕ್ಟರ ಕಡೆ ತಿರುಗಿದರು. "ಬೀಗ ಹಾಕಲ್ಲ. ಕೇಳದೆ ಹನಿ ಹಾಕಿದ್ದಕ್ಕೆ ಒಂದು ನೋಟೀಸು, ಹದಿನೈದು ದಿನದಲ್ಲಿ ಉತ್ತರ ಕೊಡಿ. ಈ ಪುಸ್ತಕಕ್ಕೆ ಒಂದು ಷರತ್ತು." ಪುಟದ ಮೇಲೆ ಬಾಗಿ, ಹನ್ನೆರಡರ ಸಂಜೆಯಿಂದ ಮೂವತ್ತರವರೆಗೆ ಪ್ರತಿ ಗೆರೆಯನ್ನೂ ಕೆಂಪು ಶಾಯಿಯಲ್ಲಿ ಹೊಡೆದರು. "ಒಂದೊಂದು ಸುಳ್ಳು ಅಂಕಿಯ ಪಕ್ಕಕ್ಕೂ ನಿಜವಾದ ಅಂಕಿ ಬರೀಬೇಕು. ದಿನಕ್ಕೆ ಎರಡು ಸಲ. ಸುಳ್ಳು ಬರೆದ ಕೈಯೇ ಬರೀಬೇಕು, ಬೇರೆಯವರದ್ದು ನಡೆಯಲ್ಲ. ನಾಲ್ಕನೇ ಸೂಚನೆ ಈ ಪುಟಕ್ಕೆ ಇಲ್ಲ. ನಾನು ಯಾವ ದಿನ ಬೇಕಾದ್ರೂ ಬರ್ತೀನಿ. ಒಂದು ಸಲ ಇವರು ಸಿಗದೆ ಹೋದ್ರೆ ಪರವಾನಗಿ ಇಲ್ಲ."

ಡಾಕ್ಟರು ಚೊಕ್ಕಣ್ಣನ ಮುಖ ನೋಡಿದರು. ಬೈಯಬೇಕೆಂದಿದ್ದವರು ಬೈಯಲಿಲ್ಲ. ಮೇಜಿನ ಮೇಲಿದ್ದ ರಜೆಯ ಅರ್ಜಿಯನ್ನು ಎತ್ತಿ ಮಡಚಿ ಅವನ ಜೇಬಿಗಿಟ್ಟರು.

ಅಧಿಕಾರಿಯನ್ನು ಸಿಸ್ಟರ್ ಕೈಹಿಡಿದು ಬಸ್ಸಿನವರೆಗೆ ಬಿಟ್ಟುಬರಲು ಹೋದರು. ಗಡಿಯಾರ ಐದು ಹೊಡೆಯಿತು. ಚೊಕ್ಕಣ್ಣ ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ತೆರೆದು, ಉಷ್ಣಾಂಶ ನೋಡಿ, ನೀಲಿ ಮೋಡದ ಪಕ್ಕದಲ್ಲಿ ಬರೆದು ಸಹಿ ಹಾಕಿದ. ಪೆನ್ನು ಮುಚ್ಚುವಷ್ಟರಲ್ಲಿ ಫೋನು ಬಂತು.

"ರೀ, ಹೆಣ್ಣು ಮಗು!" ಹೆಂಡತಿಯ ದನಿ ನಗುತ್ತಲೂ ಇತ್ತು, ಅಳುತ್ತಲೂ ಇತ್ತು. "ಇಬ್ರೂ ಚೆನ್ನಾಗಿದ್ದಾರೆ. ಮೂಗು ಥೇಟ್ ನಿಮ್ಮದೇ. ಸ್ಟೇಷನ್‌ನಲ್ಲಿದ್ದೀರಾ?"

ಚೊಕ್ಕಣ್ಣ ಫ್ರಿಜ್ಜಿಗೆ ಒರಗಿ ಕಣ್ಣೊರೆಸಿಕೊಂಡ. ಅಷ್ಟು ಸಂತೋಷವೂ ಅಷ್ಟು ಸಂಕಟವೂ ಒಟ್ಟಿಗೆ ಅವನಿಗೆ ಎಂದೂ ಆಗಿರಲಿಲ್ಲ.

"ಇಲ್ಲ ಕಣೇ. ನಾನು ಬರೋದು ಮೂವತ್ತಾದ ಮೇಲೆ."

"ಮೂವತ್ತಾ! ಇಷ್ಟು ದಿನ ಅಲ್ಲಿ ನಿಮಗೇನು ಕೆಲಸ ಬಾಕಿ ಇದೆ?"

"ಏನೂ ಬಾಕಿ ಇಲ್ಲ. ಮೂವತ್ತರವರೆಗಿನ ಕೆಲಸ ಎಲ್ಲ ಭಾನುವಾರವೇ ಮಾಡಿ ಮುಗಿಸಿಬಿಟ್ಟೆ" ಎಂದ ಚೊಕ್ಕಣ್ಣ. "ಅದಕ್ಕೇ ಬರೋಕಾಗ್ತಾ ಇಲ್ಲ."